ದೇವರ ಪಾಲಿಗೆ ಹೋದ ಬ್ರಷ್ಷು

ಕಿಕ್ಕೇರಿ ಕಡೆಯ ನಮ್ಮೂರಿನಲ್ಲಿ ಹಲ್ಲುಜ್ಜುವ ಬ್ರಷ್ಷು ಕೊಳ್ಳುವುದೂ ಕಸಪೊರಕೆ ಕೊಳ್ಳುವುದೂ ಹೆಚ್ಚುಕಡಿಮೆ ಒಂದೇ ಕೆಲಸವಾಗಿತ್ತು. ಎರಡನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆವು. ಬಗ್ಗಿದರೆ ಬೇಡ. ಕೆ.ಆರ್. ಪೇಟೆಯ ಅಂಗಡಿಯವನು ಮೆತ್ತಗಿನದನ್ನು ನಮಗೆ ತೋರಿಸುತ್ತಲೇ ಇರಲಿಲ್ಲ. "ಗಟ್ಟಿ ಐತೆ ಕಣವ್ವ, ವರ್ಸಗಟ್ಲೆ ಬತ್ತದೆ" ಎಂದು ಕಡ್ಡಿಯಂಥ ಕೂದಲಿನದನ್ನೇ ಮುಂದಿಡುತ್ತಿದ್ದ. ಬಂದೂ ಬರುತ್ತಿತ್ತು. ಕೂದಲೆಲ್ಲ ಅತ್ತಿತ್ತ ಮಗುಚಿಕೊಂಡು ಹಲ್ಲಿಗೆ ಆಗದೆಂದಾಗ ಹೊಲಿಗೆ ಮಿಷನ್ನಿನ ಧೂಳು ತೆಗೆಯಲು ಹೋಗುತ್ತಿತ್ತು. ಅದಕ್ಕೂ ಬಾರದಾದಾಗ ಅದರ ಬಾಲದ ತೂತಿಗೆ ಲಾಡಿ ಕಟ್ಟಿ ಲಂಗಕ್ಕೆ ಪೋಣಿಸುತ್ತಿದ್ದೆವು. ನಮ್ಮ ಮನೆಯಲ್ಲಿ ಬ್ರಷ್ಷಿಗೆ ಸಾವಿರಲಿಲ್ಲ, ಹಲ್ಲಿಗೇ ಸಾವು.

ನನ್ನ ತವರು ನಾಗಮಂಗಲದ ಕಡೆ. ಅಲ್ಲಿ ಹೊಂಗೆ ಕಡ್ಡಿ ಮುರಿದು, ತುದಿ ಜಗಿದು, ಉಜ್ಜಿ, ಆಮೇಲೆ ಅದನ್ನೇ ಸೀಳಿ ನಾಲಗೆ ಕೆರೆದುಕೊಂಡರೆ ಮುಗಿಯಿತು. ಹಲ್ಲಿನ ಸಂದಿಯಲ್ಲಿ ಏನಾದರೂ ಸಿಕ್ಕಿಕೊಂಡರೆ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಎಳೆದುಕೊಳ್ಳುತ್ತಿದ್ದೆವು. ಮದುವೆಯಾಗಿ ಬಂದ ಮನೆಯಲ್ಲಿ ಅದಕ್ಕೂ ಒಂದು ಮೇಲು ಉಪಾಯವಿತ್ತು. ನಮ್ಮತ್ತೆಯ ಕರಿಮಣಿ ಸರದಲ್ಲಿ ತಾಳಿಯ ಜೊತೆಗೆ ಒಂದು ಗೊಂಚಲು ಪಿನ್ನು ನೇತಾಡುತ್ತಿತ್ತು. ಸೀರೆಗೆ, ಮುಳ್ಳು ತೆಗೆಯಲು, ಹಲ್ಲಿನ ಸಂದಿಗೆ, ಎಲ್ಲಕ್ಕೂ ಅದೇ. ಊಟವಾದ ಮೇಲೆ ಜಗಲಿಯಲ್ಲಿ ಕೂತು ಒಂದು ಪಿನ್ನು ಬಿಚ್ಚಿ ಮುಂದಿನ ಹಲ್ಲುಗಳ ಬುಡಕ್ಕೆ ಹಾಕಿ ಮೀಟುವುದು ಅವರಿಗೆ ಎಲೆ ಅಡಿಕೆಯಷ್ಟೇ ಇಷ್ಟದ ಕೆಲಸ.

ನಮ್ಮತ್ತೆ ಸೋಬಾನೆ ಪದದವರು. ಸುತ್ತಲ ಊರುಗಳಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಚಪ್ಪರದ ದಿನದಿಂದಲೇ ಇವರಿಗೆ ಕರೆ ಬರುತ್ತಿತ್ತು. ಇವರು ಎತ್ತಿಕೊಟ್ಟರೆ ಉಳಿದ ಹೆಂಗಸರು ಹಿಂದೆ ಹೇಳುತ್ತಿದ್ದರು. ಹೆಣ್ಣು ಒಪ್ಪಿಸುವಾಗ ಹೇಳುವ ಪದವೊಂದು ಇವರ ತಾಯಿಯಿಂದ ಇವರಿಗೆ ಬಂದದ್ದು, ಬೇರೆ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ. ಅದು ಶುರುವಾದರೆ ಗಂಡಿನ ಕಡೆಯವರೂ ಕಣ್ಣೊರೆಸಿಕೊಳ್ಳುತ್ತಿದ್ದರು. "ಊರ ಎಣ್ಣು ಮಕ್ಕಳನ್ನೆಲ್ಲ ಒಪ್ಪಿಸ್ಬುಟ್ಟೆ, ನನ್ ಮಗಳೊಬ್ಳು ಉಳ್ಕೊಂಡವ್ಳೆ" ಎಂದು ಅತ್ತೆ ಆಗಾಗ ಹೇಳುತ್ತಿದ್ದರು. ಆ ಮಗಳು ನನ್ನ ನಾದಿನಿ, ಮನೆಗೆ ಕಿರಿಯವಳು. ತನ್ನ ಮದುವೆಯಲ್ಲಿ ಅಮ್ಮ ಆ ಪದ ಹೇಳುವಾಗ ತಾನು ಅಳಬಾರದೆಂದು ಅವಳು ಚಿಕ್ಕಂದಿನಿಂದ ಪಂತ ಕಟ್ಟಿಕೊಂಡಿದ್ದಳು.

ತೊಂಬತ್ತರ ದಶಕದ ನಡುವಿನ ಒಂದು ವರ್ಷ ನಾದಿನಿಗೆ ಪಾಂಡವಪುರದ ಕಡೆಯ ಗಂಡು ಗೊತ್ತಾಯಿತು. ಆಗಲೇ ಅತ್ತೆಯ ಮುಂದಿನ ಹಲ್ಲುಗಳು ಅಲ್ಲಾಡಲು ಶುರುವಾದವು. ನಾಲಗೆಯಿಂದ ತಳ್ಳಿದರೆ ಬಾಗುತ್ತಿದ್ದವು. ಪದ ಹೇಳುವಾಗ ಗಾಳಿ ಸೋರುತ್ತಿತ್ತು.

ನಮ್ಮ ಮಾವ ತಮಾಷೆಯ ಮನುಷ್ಯ. "ಇವ್ಳ ಅಲ್ಲೂ ಉದುರ್ತು ಅಂದ್ರೆ ನನ್ನ ಬಯ್ಯೋಕೆ ಮನೇಲಿ ಯಾರೂ ಇರಾಕಿಲ್ಲ, ನೆಮ್ಮದಿ" ಎಂದರು.

"ಅಲ್ಲಿಲ್ದಿದ್ರೂ ಬಯ್ತೀನಿ, ನೀವೇನೂ ಖುಸಿ ಪಡಬ್ಯಾಡಿ" ಎಂದರು ಅತ್ತೆ. ಆದರೆ ಮಧ್ಯಾಹ್ನ ನನ್ನ ಹತ್ತಿರ ಬಂದು ಮೆಲ್ಲಗೆ, "ಮದ್ವೆಗಂಟ ನಿಂತ್ರೆ ಸಾಕು ಕಣವ್ವ. ಆಮೇಕೆ ಉದುರ್ಲಿ, ನಾನು ಬ್ಯಾಸ್ರ ಮಾಡ್ಕಳಾಕಿಲ್ಲ" ಎಂದರು. ದೇವರಲ್ಲಿ ಅವರು ಕೇಳಿಕೊಂಡದ್ದೂ ಅಷ್ಟೇ.

ನಮ್ಮ ಯಜಮಾನರು ನಮ್ಮಿಬ್ಬರನ್ನೂ ಶ್ರೀರಂಗಪಟ್ಟಣದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಚಿಕ್ಕ ವಯಸ್ಸಿನ ಡಾಕ್ಟರು, ನಗುಮುಖ. ಅತ್ತೆ ಕುರ್ಚಿಯಲ್ಲಿ ಮಲಗಿದಾಗ ಎದೆಯ ಮೇಲೆ ಪಿನ್ನುಗಳು ಗಿಲಕಿಯಂತೆ ಸದ್ದು ಮಾಡಿದವು.

"ಇದ್ರಲ್ಲಿ ಯಾವ್ದು ಹಲ್ಲಿಗೆ?" ಎಂದು ಡಾಕ್ಟರು ಕೇಳಿದರು.

"ಸಣ್ಣದು" ಎಂದರು ಅತ್ತೆ, ಬಾಯಿ ತೆರೆದುಕೊಂಡೇ.

ಡಾಕ್ಟರು ನಕ್ಕು, ಆಮೇಲೆ ನಗು ನಿಲ್ಲಿಸಿ ಹೇಳಿದರು. ಹಲ್ಲು ಗಟ್ಟಿಯಾಗಿಯೇ ಇದೆ, ಒಸಡು ಕೊಳೆತು ಬುಡ ಬಿಡುತ್ತಿದೆ. ಗಟ್ಟಿ ಬ್ರಷ್ಷೂ ಪಿನ್ನೂ ಸೇರಿ ಒಸಡನ್ನು ಇನ್ನಷ್ಟು ಹಾಳುಮಾಡಿವೆ. ಹಲ್ಲುಗಳನ್ನು ಅಂದೇ ಶುಚಿಮಾಡಿದರು. ಇನ್ನು ಮೆತ್ತನೆಯ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ, ಸಂದಿಗಳನ್ನು ದಿನಾ ಚೊಕ್ಕಟ ಮಾಡಿಕೊಂಡರೆ ಈ ಹಲ್ಲುಗಳು ಮದುವೆ ದಾಟಿ ಇನ್ನೂ ಕೆಲವು ವರ್ಷ ನಿಲ್ಲಬಹುದು ಎಂದರು. ಸಂದಿಗೆಂದು ಮೇಣ ಹಚ್ಚಿದ ದಾರದ ಒಂದು ಡಬ್ಬಿ ಕೊಟ್ಟರು. ಜೊತೆಗೆ ಒಂದು ಮೆತ್ತನೆಯ ಬ್ರಷ್ಷು, ಇನ್ನು ನಾವು ಕಂಡೇ ಇರದ ಒಂದು ಪುಟ್ಟ ಬ್ರಷ್ಷು. ಸೀಸೆ ತೊಳೆಯುವ ಬ್ರಷ್ಷನ್ನು ಇರುವೆಗಳ ಮನೆಗೆಂದು ಮಾಡಿಕೊಟ್ಟ ಹಾಗಿತ್ತು.

"ಮೊದಮೊದಲು ರಕ್ತ ಬರುತ್ತೆ ಅಮ್ಮ. ಹೆದರಿ ನಿಲ್ಲಿಸಬೇಡಿ. ಉಜ್ಜುತ್ತಾ ಹೋದ ಹಾಗೆ ತಾನಾಗಿ ನಿಲ್ಲುತ್ತೆ. ಬೆಳಿಗ್ಗೆ ಒಂದ್ಸಲ, ರಾತ್ರಿ ಊಟ ಆದ್ಮೇಲೆ ಒಂದ್ಸಲ."

ಅತ್ತೆ ಕುರ್ಚಿಯಿಂದ ಎದ್ದು ಕೂತರು. "ರಾತ್ರಿ ಅಲ್ಲುಜ್ಜಾಕೆ ನಾವೇನ್ ದೆವ್ವಗಳಾ ಸ್ವಾಮಿ?" ಎಂದರು. ಡಾಕ್ಟರೂ ನಕ್ಕರು, ನಾವೂ ನಕ್ಕೆವು. ನಗುನಗುತ್ತಲೇ ಹೊರಗೆ ಬಂದು, ರಂಗನಾಥನ ದರ್ಶನ ಮಾಡಿಕೊಂಡು, ಬಸ್ಸು ಹತ್ತಿದೆವು.

ನಮ್ಮ ಮನೆಯಲ್ಲಿ ಹಲ್ಲುಜ್ಜುವುದು ದೇವರ ಮನೆಯ ಹೊಸಿಲಿಗೆ ಸೇರಿದ ಕೆಲಸ. ಎದ್ದು, ಬಾಯಿ ತೊಳೆದು, ಸ್ನಾನ ಮಾಡಿ, ದೀಪ ಹಚ್ಚುವುದು. ಬಾಯಿ ಶುದ್ಧವಾಗದೆ ದೇವರ ಹೆಸರು ಹೇಳುವಂತಿಲ್ಲ. ಹಲ್ಲಿಗೆ ಒಳ್ಳೆಯದಾಗಲಿ ಎಂದು ಉಜ್ಜುವುದು ನಮಗೆ ಯಾರಿಗೂ ಹೊಳೆದದ್ದೇ ಅಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಡಾಕ್ಟರು ತೋರಿಸಿದ ಹಾಗೆಯೇ ಆ ಪುಟ್ಟ ಬ್ರಷ್ಷನ್ನು ಸಂದಿಗೆ ಹಾಕಿದರು. ರಕ್ತ ಬಂತು. ಬಾಯಿ ಮುಕ್ಕಳಿಸಿದರು, ಮತ್ತೂ ಬಂತು. ಸ್ನಾನ ಮುಗಿಸಿ ಬಂದು ಉಗುಳಿ ನೋಡಿದರೆ ಇನ್ನೂ ಕೆಂಪು. ಒದ್ದೆ ಸೀರೆಯಲ್ಲೇ ಹೊಸಿಲಿನ ಈಚೆ ನಿಂತುಬಿಟ್ಟರು.

"ಬಾಯಲ್ಲಿ ರಕ್ತ ಮಡೀಕೊಂಡು ಒಳೀಕ್ ಎಂಗವ್ವ ಓಗ್ಲಿ? ನೀನೇ ದೀಪ ಅಚ್ಬುಡು" ಎಂದರು.

ಆ ದಿನ ದೀಪ ನಾನು ಹಚ್ಚಿದೆ. ಮರುದಿನವೂ ಹಾಗೇ ಆಯಿತು. ಆ ಮನೆಗೆ ಸೊಸೆಯಾಗಿ ಬಂದ ಲಾಗಾಯ್ತು ತಿಂಗಳ ಮೂರು ದಿನ ಬಿಟ್ಟರೆ ದೀಪವನ್ನು ಬೇರೆ ಕೈಗೆ ಕೊಡದ ಹೆಂಗಸು ಹೊಸಿಲಾಚೆ ಕೈಮುಗಿದು ನಿಂತಿದ್ದನ್ನು ನೋಡಲು ನನಗೂ ಆಗಲಿಲ್ಲ. ಅದರ ಮಾರನೆಯ ದಿನ ಅವರು ಸಂದಿಯ ತಂಟೆಗೆ ಹೋಗಲಿಲ್ಲ. ಹಳೆಯ ಗಟ್ಟಿ ಬ್ರಷ್ಷಿನಲ್ಲಿ, ರಕ್ತ ಬರುವ ಜಾಗವನ್ನು ಬಿಟ್ಟು, ಸುತ್ತಮುತ್ತ ಉಜ್ಜಿ ದೀಪ ಹಚ್ಚಿದರು. ಅವರ ಮುಖ ಅಂದು ಬೆಳಗಿತು. ನನಗೂ ಸಮಾಧಾನವಾಯಿತು.

ಮೆತ್ತನೆಯ ಬ್ರಷ್ಷೂ ಪುಟ್ಟ ಬ್ರಷ್ಷೂ ಎಲ್ಲಿ ಹೋದವೆಂದು ನಾನು ಕೇಳಲಿಲ್ಲ. ಶುಕ್ರವಾರ ದೇವರ ಸಾಮಾನು ತೊಳೆಯುವಾಗ ಕಂಡೆ. ನಮ್ಮ ದೇವರ ಮನೆಯಲ್ಲಿ ಅಂಗೈಯಗಲದ ಹಿತ್ತಾಳೆಯ ರಂಗನಾಥ ಇದ್ದಾನೆ, ಶೇಷನ ಮೇಲೆ ಮಲಗಿದವನು. ಶೇಷನ ಹೆಡೆಗಳ ಸಂದಿಯಲ್ಲಿ ಎಣ್ಣೆ ಮಸಿ ಕೂತು, ಹುಣಿಸೆಹಣ್ಣಿಗೂ ಹೋಗದೆ, ವರ್ಷಗಳಿಂದ ಕಪ್ಪಾಗಿತ್ತು. ಅತ್ತೆ ಆ ಪುಟ್ಟ ಬ್ರಷ್ಷನ್ನು, ಬಿಸಿನೀರಲ್ಲಿ ಕುದಿಸಿ ಅರಿಶಿನದ ನೀರಲ್ಲಿ ಅದ್ದಿ ಎಂಜಲು ಕಳೆದು, ಒಂದೊಂದು ಹೆಡೆಯ ಸಂದಿಗೂ ಹಾಕಿ ಮೆಲ್ಲಗೆ ತಿರುಗಿಸುತ್ತಿದ್ದರು. ಡಾಕ್ಟರು ತೋರಿಸಿಕೊಟ್ಟ ಹಾಗೆಯೇ, ಒಂದು ಚೂರೂ ತಪ್ಪದೆ. ಮೆತ್ತನೆಯ ಬ್ರಷ್ಷಿನಲ್ಲಿ ರಂಗನಾಥನ ಕೆನ್ನೆ, ಪಾದ. ಹಲ್ಲಿನ ದಾರದಲ್ಲಿ ಕನಕಾಂಬರದ ಮಾಲೆ. "ಮೇಣ ಐತಲ್ಲ, ಹೂ ಜಾರಾಕಿಲ್ಲ ನೋಡವ್ವ" ಎಂದು ಮಗುವಿನಂತೆ ಎತ್ತಿ ತೋರಿಸಿದರು.

ಯಜಮಾನರಿಗೆ ಗೊತ್ತಾದಾಗ ಕೂಗಾಡಿದರು. "ಅಷ್ಟು ದೂರ ಕರ್ಕೊಂಡೋಗಿದ್ದು ಯಾರ್ ಹಲ್ಲಿಗವ್ವ? ನಿಂದುಕ್ಕೋ, ರಂಗನಾಥಂದುಕ್ಕೋ?"

"ಅವ್ನ ಚೊಕ್ಕಟ ಮಡುಗಿದ್ರೆ ನನ್ನ ಅವ್ನು ಮಡುಗ್ತಾನೆ ಬುಡ್ಲಾ" ಎಂದರು ಅತ್ತೆ.

ನಾನೂ ಹಾಗೆಯೇ ನಂಬಿದವಳು. ಈಗಲೂ ನಂಬುತ್ತೇನೆ. ನಮ್ಮನ್ನು ಅವನು ಇಟ್ಟಿದ್ದಾನೆ, ಇಲ್ಲವೆನ್ನುವುದಿಲ್ಲ. ಆದರೆ ಹಲ್ಲುಗಳನ್ನು ಇಡಲಿಲ್ಲ.

ಮದುವೆಗೆ ಇನ್ನೂ ಕೆಲವು ವಾರ ಇರುವಾಗ ಒಂದು ಬೆಳಿಗ್ಗೆ ಮುಂದಿನ ಹಲ್ಲೊಂದು ಗಟ್ಟಿ ಬ್ರಷ್ಷಿನ ಜೊತೆಯಲ್ಲೇ ಬಂತು. ಪಕ್ಕದವು ಕೀವು ಕಟ್ಟಿ ಮುಖ ಊದಿಕೊಂಡಿತು. ಮತ್ತೆ ಶ್ರೀರಂಗಪಟ್ಟಣ. ಡಾಕ್ಟರು ಈ ಸಲ ನಗಲಿಲ್ಲ. ಮೇಲಿನ ಮುಂಭಾಗದ ಹಲ್ಲುಗಳನ್ನು ತೆಗೆಯಲೇಬೇಕಾಯಿತು. ಗಾಯ ಮಾಯ್ದು ಒಸಡು ಗಟ್ಟಿಯಾಗುವ ತನಕ ಕಟ್ಟುಹಲ್ಲು ಕೂರುವುದಿಲ್ಲ ಎಂದರು. ಗಾಯ ಮಾಯುವಷ್ಟರಲ್ಲಿ ಲಗ್ನ ಬಂದುಬಿಡುತ್ತಿತ್ತು.

"ಬೇಳೆ ಒಬ್ಬಟ್ಟು ತಿನ್ನಾಕೆ ಅಲ್ಯಾಕೆ, ಮುದ್ದೆ ನುಂಗಾಕೆ ಅಲ್ಯಾಕೆ, ನಮ್ ಸೀಮೇಲಿ ಉಟ್ಟಿದ್ದೇ ಪುಣ್ಯ" ಎಂದು ಬಸ್ಸಿನಲ್ಲಿ ಅತ್ತೆಯೇ ನನಗೆ ಸಮಾಧಾನ ಹೇಳಿದರು, ಬಾಯಿಗೆ ಹತ್ತಿ ಕಚ್ಚಿಕೊಂಡು. ಅದೂ ನಿಜ. ರಾಗಿ ಮುದ್ದೆಯನ್ನು ಜಗಿಯುವ ಹಾಗಿಲ್ಲವೆಂಬುದು ನಮಗೆ ದೇವರು ಮಾಡಿಟ್ಟ ಒಂದು ಸಣ್ಣ ಉಪಕಾರ.

ಮದುವೆಯ ದಿನ ಧಾರೆ ಮುಗಿಯಿತು. ಹೆಣ್ಣು ಒಪ್ಪಿಸುವ ಹೊತ್ತು. ಹೆಂಗಸರೆಲ್ಲ ರೂಢಿಯಂತೆ ಅತ್ತೆಯ ಕಡೆ ನೋಡಿದರು. ಅವರು ಕಂಬದ ಮಗ್ಗುಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ದೂರದ ನೆಂಟರಾಕೆಯೊಬ್ಬಳು, ಸಂಗತಿ ಗೊತ್ತಿಲ್ಲದವಳು, "ಏನಕ್ಕ, ನಮ್ ಮಕ್ಕಳ್ ಮದ್ವೇಲೆಲ್ಲ ಕಟ್ಟೆ ಒಡ್ದಂಗೆ ಪದ ಯೋಳ್ತಿದ್ದೆ, ನಿನ್ ಮಗಳ್ ಮದ್ವೇಲಿ ಬಾಯ್ಗೆ ಬೀಗ ಆಕ್ಕೊಂಡಿದ್ದೀಯಾ?" ಎಂದಳು.

ಅತ್ತೆ ಸೆರಗು ತೆಗೆದು ಶುರುಮಾಡಿದರು. ದನಿ ಇತ್ತು, ರಾಗ ಇತ್ತು. ಮಾತು ಮಾತ್ರ ಹಲ್ಲಿಲ್ಲದ ಜಾಗದಲ್ಲಿ ಗಾಳಿಯಾಗಿ ಹೋಗುತ್ತಿತ್ತು. ಗಂಡಿನ ಕಡೆಯ ಹುಡುಗಿಯರು ಕಿಸಕ್ಕನೆ ನಕ್ಕರು. ಕೆಟ್ಟವರೇನಲ್ಲ, ಚಿಕ್ಕ ವಯಸ್ಸು. ಅತ್ತೆ ನಿಲ್ಲಿಸಿದರು. ನನ್ನ ಮೊಳಕೈ ಹಿಡಿದು ಮುಂದೆ ತಳ್ಳಿದರು. ಆ ಪದ ನನಗೆ ಅರ್ಧವೂ ಬರುತ್ತಿರಲಿಲ್ಲ. ಎಲ್ಲರಿಗೂ ಬರುವ ಒಂದು ಸಾದಾ ಸೋಬಾನೆ ಎತ್ತಿಕೊಂಡೆ, ಉಳಿದವರು ಸೇರಿದರು. ಅಳಬಾರದೆಂದು ಪಂತ ಕಟ್ಟಿದ್ದ ನಾದಿನಿ ನಾವು ಹೇಳುತ್ತಿರುವಷ್ಟು ಹೊತ್ತೂ ಕತ್ತು ಹೊರಳಿಸಿ ಅಮ್ಮನನ್ನೇ ಹುಡುಕುತ್ತಿದ್ದಳು. ಮಾವ ಎದ್ದು ಚಪ್ಪರದ ಹೊರಗೆ ಹೋಗಿ ನಿಂತರು. ಹಲ್ಲಿನ ತಮಾಷೆಯನ್ನು ಅವರು ಆಮೇಲೆಂದೂ ಮಾಡಲಿಲ್ಲ.

ಒಂದೆರಡು ವರ್ಷ ಕಳೆದು ನಾನು ತವರಿಗೆ ಹೋಗಿದ್ದೆ. ರಾತ್ರಿ ಊಟ ಮುಗಿದು ಎಲೆ ಎತ್ತಿದ ಮೇಲೆ ನನ್ನ ತಮ್ಮನ ಹೆಂಡತಿ ಬಚ್ಚಲಲ್ಲಿ ನಿಂತು ಹಲ್ಲುಜ್ಜುತ್ತಿದ್ದಳು. "ಇದೇನವ್ವ ಈ ಒತ್ನಲ್ಲಿ?" ಎಂದೆ. "ಬೆಳಿಗ್ಗೆ ಮನೆ ಕೆಲ್ಸದಲ್ಲಿ ಎಲ್ಲಿ ಪುರ್ಸೊತ್ತು ಅತ್ತಿಗೆ, ಈಗಾದ್ರೆ ನಿಧಾನಕ್ಕೆ ಉಜ್ಬೋದು" ಎಂದಳು. ಅವಳು ಅಷ್ಟು ಸುಲಭವಾಗಿ ಹೇಳಿದಳು. ನಾನು ಅಲ್ಲೇ ಗೋಡೆಗೆ ಒರಗಿ ನಿಂತೆ. ಸಂಜೆಯ ದೀಪ ಆದ ಮೇಲೆ, ಊಟವೂ ಆದ ಮೇಲೆ, ಬೆಳಗಾಗುವ ತನಕ ದೇವರ ಮನೆಗೆ ಯಾರು ಹೋಗುತ್ತಾರೆ? ಆಗ ಬಾಯಲ್ಲಿ ರಕ್ತ ಬಂದರೆ ಯಾವ ಮಡಿ ಕೆಡುತ್ತಿತ್ತು? ಸಂದಿಯ ಕೆಲಸವನ್ನು ರಾತ್ರಿಗೆ ಬಿಟ್ಟು, ಬೆಳಿಗ್ಗೆ ಮೆಲ್ಲಗೆ ಬಾಯಿ ತೊಳೆದು ದೀಪ ಹಚ್ಚಬಹುದಿತ್ತು. ರಂಗನಾಥನಿಗೂ ದೀಪ ಸಲ್ಲುತ್ತಿತ್ತು, ಪದವೂ ಉಳಿಯುತ್ತಿತ್ತು.

ಊರಿಗೆ ಬಂದು ಅತ್ತೆಗೆ ಇದನ್ನು ಹೇಳಿದೆ. ಹೇಳಬಾರದಿತ್ತೋ ಏನೋ. ಕಟ್ಟುಹಲ್ಲನ್ನು ಅವರು ಆ ಹೊತ್ತಿಗೆ ಹಾಕಿಸಿಕೊಂಡಿದ್ದರು, ಆದರೆ ಸಡಿಲವೆಂದು ಬಟ್ಟಲಲ್ಲಿ ಇಟ್ಟೇ ಇರುತ್ತಿದ್ದರು. "ಅಯ್ಯೋ, ಆ ಡಾಕ್ಟ್ರು ಅದ್ನೇ ಅಲ್ವೇನವ್ವ ಯೋಳಿದ್ದು. ನಾನು ನಗಾಡ್ಬುಟ್ಟೆ" ಎಂದರು.

ಅಂದು ನಾವೆಲ್ಲರೂ ನಕ್ಕಿದ್ದೆವು.

ಅಂದಿನಿಂದ ಅವರೇ ರಾತ್ರಿ ಮುಸುರೆ ತೊಳೆದಾದ ಮೇಲೆ ಬಚ್ಚಲಿಗೆ ಬಂದು ಉಳಿದ ಹಲ್ಲುಗಳನ್ನು ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜತೊಡಗಿದರು. ಆ ಬ್ರಷ್ಷನ್ನು ನಾನು ಕೆ.ಆರ್. ಪೇಟೆಯಲ್ಲಿ ಅಂಗಡಿ ಅಂಗಡಿ ತಿರುಗಿ, ಹೆಬ್ಬೆರಳಿಗೆ ಬಗ್ಗುವಂಥದ್ದೇ ಬೇಕೆಂದು ಹುಡುಕಿ ತಂದದ್ದು. ಮೊದಲು ರಕ್ತ ಬಂತು, ಆಮೇಲೆ ಡಾಕ್ಟರು ಹೇಳಿದ್ದ ಹಾಗೆ ತಾನಾಗಿ ನಿಂತಿತು. ಆ ಹಿಂದಿನ ಹಲ್ಲುಗಳು ಅವರ ಕೊನೆಯ ತನಕ ಉಳಿದವು, ಅವರೆಕಾಯಿ ಕಾಲದಲ್ಲಿ ಅವರು ಮೆಲ್ಲಗೆ ಒಂದೊಂದೇ ಕಾಳು ಜಗಿಯುತ್ತಿದ್ದುದನ್ನು ನಾನು ದೇವರ ಉಪಕಾರದ ಲೆಕ್ಕಕ್ಕೇ ಸೇರಿಸುತ್ತೇನೆ.

ಪದವನ್ನು ಹೇಳಿಕೊಡಿ ಎಂದು ಒಮ್ಮೆ ಕೇಳಿದೆ. ಹೇಳಿಕೊಟ್ಟರು ಕೂಡ. ಅವರ ಬಾಯಲ್ಲಿ ಅರ್ಧ ಮಾತು ತಿಳಿಯಲಿಲ್ಲ. ಮತ್ತೆ ಮತ್ತೆ ಕೇಳಿದರೆ ನೋಯುತ್ತಾರೆಂದು, ಎಲ್ಲ ತಿಳಿದವಳಂತೆ ತಲೆಯಾಡಿಸಿದೆ. ಈಗ ನನ್ನ ಬಳಿ ಅದರ ರಾಗ ಇದೆ. ಶುಕ್ರವಾರ ಶೇಷನ ಹೆಡೆಗಳ ಸಂದಿ ತಿಕ್ಕುವಾಗ ಅದನ್ನು ಬಾಯಿ ಮುಚ್ಚಿಕೊಂಡು ಗುನುಗುತ್ತೇನೆ.