ಟೆಲಿಸ್ಕೋಪಿನಲ್ಲಿ ಕಂಡ ಜಿಲೇಬಿ

ನನ್ನ ಹಳೇ ಟೆಲಿಸ್ಕೋಪನ್ನೂ ಆಕಾಶದ ಫೋಟೋ ತೆಗೆಯುವ ಕ್ಯಾಮೆರಾವನ್ನೂ ಮಾರಾಟಕ್ಕಿಟ್ಟಿದ್ದೆ. ನೋಡಲು ಬಂದ ಹನುಮಂತನಗರದ ಬಟ್ಟೆ ವ್ಯಾಪಾರಿಯೊಬ್ಬರು, ಬಸವನಗುಡಿಯ ನಮ್ಮ ತಾರಸಿಯಿಂದ ಹಾಡುಹಗಲೇ ಟೆಲಿಸ್ಕೋಪನ್ನು ತಮ್ಮ ಮನೆಯತ್ತ ತಿರುಗಿಸಿದರು.

"ಏನ್ರೀ, ಎಲ್ಲಾ ತಲೆಕೆಳಗಾಗಿ ಕಾಣ್ತಿದೆ?"

"ಇದರಲ್ಲಿ ಹಾಗೇ ಸರ್. ನಕ್ಷತ್ರ ನೋಡೋಕೆ ಏನೂ ತೊಂದರೆಯಿಲ್ಲ."

"ಅಯ್ಯೋ, ತಾರಸೀಲಿ ನಮ್ಮಪ್ಪ! ಶುಗರ್ ಇಟ್ಕೊಂಡು ಜಿಲೇಬಿ ತಿಂತಿದಾರೆ!"

ಅಷ್ಟೇ, ಸ್ಕೂಟರ್ ಹತ್ತಿ ಹೊರಟೇಬಿಟ್ಟರು. ವ್ಯಾಪಾರ ಕೆಟ್ಟಿತೆಂದು ನಾನು ಪೆಚ್ಚಾದೆ.

ಮರುದಿನ ಬೆಳಿಗ್ಗೆ ವಯಸ್ಸಾದವರೊಬ್ಬರು ಬಾಗಿಲು ತಟ್ಟಿದರು. "ನಿನ್ನೆ ಜಿಲೇಬಿ ತಿಂದು ಸಿಕ್ಕಿಬಿದ್ದವನು ನಾನೇ. ಟೆಲಿಸ್ಕೋಪು, ಕ್ಯಾಮೆರಾ ಎರಡೂ ನನಗೇ ಕೊಟ್ಬಿಡಿ. ನನ್ನ ಮಗನ ಕೈಗೆ ಮಾತ್ರ ಸಿಗಬಾರದು."

ಚೌಕಾಸಿ ಮಾಡದೆ ಕೊಂಡು, ಆಟೋದಲ್ಲಿ ಹಾಕಿಸಿಕೊಂಡು ಹೋದರು. ಅಪ್ಪ, ಮಗ ಇಬ್ಬರೂ ಚಂದ್ರನ ಬಗ್ಗೆ ಒಂದು ಮಾತೂ ಕೇಳಲಿಲ್ಲ.