ಜಗಳವಾಡಿದವರನ್ನು ಮಾತಾಡಿಸಿ ಇಳಿಯುವವನು

ಅಂಬರನಾಥದಿಂದ ಠಾಣೆಗೆ ನಾನೂ ಗೆಳೆಯನೂ ಬೆಳಗಿನ ಲೋಕಲ್ ರೈಲಿನಲ್ಲಿ ಒಟ್ಟಿಗೇ ಹೋಗುತ್ತಿದ್ದೆವು. ಇಬ್ಬರೂ ವಿಜಯಪುರದ ಕಡೆಯವರು, ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ. ನಾನು ಒಂದು ದಿನವೂ ತಡವಾಗಿ ಹೋದವನಲ್ಲ. ಆರನೇ ಇಯತ್ತೆಗೇ ಶಾಲೆ ಬಿಟ್ಟ ನನಗೆ ಅದೇ ಸರ್ಟಿಫಿಕೇಟು.

ಗೆಳೆಯನದೊಂದು ಅಭ್ಯಾಸ ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. ಗಾಡಿಯಲ್ಲಿ ಯಾರ ಜೊತೆ ಜಗಳವಾದರೂ ಅವರನ್ನು ಮಾತಾಡಿಸಿಯೇ ಇಳಿಯುತ್ತಿದ್ದ.

ಒಮ್ಮೆ ಡೊಂಬಿವಲಿಯಲ್ಲಿ ಹತ್ತಿದ ಮರಾಠಿ ಹಿರಿಯರೊಬ್ಬರಿಗೆ ಇವನ ಬ್ಯಾಗು ತಗುಲಿ ಬೈದಾಟವಾಯಿತು. ಠಾಣೆ ಬರುತ್ತಿದ್ದಂತೆ ಇವನು ಮರಾಠಿಯಲ್ಲೇ ತಪ್ಪಾಯಿತು ಎಂದ. ಅವರು ಮುಖ ತಿರುಗಿಸಿಕೊಂಡರು.

"ಇಳಿ ಲೇ! ತಡಾ ಆದ್ರ ಒಳಗ ಬಿಡಂಗಿಲ್ಲ" ಎಂದೆ.

"ನೀ ಇಳಿ. ಇವತ್ತಽ ನಾ ಸತ್ರ, ಇವ್ರ ಕೂಡ ಆಡಿದ ಕಡೀ ಮಾತು ಬೈಗುಳಾನಽ ಆಗ್ತದಲ್ಲೋ."

ಆ ಹಿರಿಯರು ಮಾತಾಡುತ್ತಾರೋ ಇಲ್ಲವೋ ನೋಡಿಯೇ ಬಿಡೋಣ ಎನಿಸಿ ನಾನೂ ಇಳಿಯಲಿಲ್ಲ. ಗಾಡಿ ಠಾಣೆ ಬಿಟ್ಟಿತು. ನಾವಿನ್ನೂ ಅಲ್ಲೇ ನಿಂತಿದ್ದನ್ನು ಕಂಡು ಅವರು ಬೆರಗಾದರು.

"ಕಾಯ್ ರೇ, ಉತರಲಾ ನಾಹೀಸ್?"

ಇಳಿಯಲಿಲ್ಲವೇಕೆ ಎಂದು ಕೇಳಿದ್ದಕ್ಕೆ ಗೆಳೆಯ, "ನೀವು ನಗಲಿಲ್ಲವಲ್ಲ ಕಾಕಾ" ಎಂದು ಮರಾಠಿಯಲ್ಲಿ ಹೇಳಿದ. ಅವರು ಹುಚ್ಚಾ ಎಂದು ಅವನ ತಲೆಗೆ ಮೊಟಕಿ ನಕ್ಕುಬಿಟ್ಟರು.

ಮುಲುಂಡಿನಲ್ಲಿಳಿದು ವಾಪಸು ಬಂದಾಗ ಸೂಪರ್‌ವೈಸರ್ ನಮ್ಮನ್ನು ಗೇಟಿನಿಂದಲೇ ಮನೆಗೆ ಕಳಿಸಿದ. ನನಗೆ ಸಿಟ್ಟು ಬರಬೇಕಿತ್ತು. ಯಾಕೆ ಬರಲಿಲ್ಲ ಎಂದು ಈಗಲೂ ಯೋಚಿಸುತ್ತೇನೆ.