ನಿಂತಲ್ಲೇ ಉತ್ತರಿಸುವ ಇಂಜಿನ್

ಗಾರ್ಡ್ ಮಾಮನ ಕೆಳದುಟಿಯ ಎಡಭಾಗದಲ್ಲಿ ಅಕ್ಕಿಕಾಳು ಕೂರುವಷ್ಟು ಒಂದು ತಗ್ಗಿತ್ತು. ವೃತ್ತಿಯುದ್ದಕ್ಕೂ ಹಿತ್ತಾಳೆಯ ಸೀಟಿ ಕೂತ ಜಾಗ ಅದು. ನಿವೃತ್ತರಾದ ಮೇಲೂ ಯೋಚನೆಗೆ ಬಿದ್ದಾಗಲೆಲ್ಲ ಅವರ ನಾಲಿಗೆಯ ತುದಿ ಆ ತಗ್ಗನ್ನು ಹುಡುಕಿಕೊಂಡು ಹೋಗುತ್ತಿತ್ತು. ಮನಸ್ಸು ಯಾವುದೋ ಪ್ರಶ್ನೆಯ ಬೆನ್ನು ಹತ್ತಿದೆ ಎಂದು ನೋಡುವವರಿಗೆ ತಿಳಿಯುತ್ತಿದ್ದುದು ಹಾಗೆ.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ಗೂಡ್ಸ್ ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ನಿಂತು ಲೋಕವನ್ನು ಹಿಂದಿನಿಂದ ನೋಡಿದವರು ಅವರು. ನಾನಾದರೋ ವಿಶ್ವವಿದ್ಯಾಲಯದಿಂದ ರಾಜ್ಯಶಾಸ್ತ್ರದ ಪದವಿ ಹೊತ್ತು ಬಂದು, ಬೀದಿದೀಪ ಕೆಟ್ಟರೂ ಪತ್ರಿಕೆಗೆ ಬರೆಯುವ, ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ಅಲೆಯುವ ಕಾವಿನಲ್ಲಿದ್ದೆ. ಅವರು ನನ್ನನ್ನು ‘ಲಾಯರವ್ವ’ ಎಂದು ಕರೆಯುತ್ತಿದ್ದರು. ನಾನು ಕಾನೂನು ಓದಿಲ್ಲವೆಂದು ತಿದ್ದಿದರೆ, “ಓದ್ದೇ ಇಷ್ಟು ಜಗಳ ಆಡ್ತಿ. ಓದಿದ್ರ ಊರು ಹೆಂಗೆ ತಡಕೊಳ್ತಿತ್ತು?” ಎನ್ನುವರು.

“ದೀಪದ ಅರ್ಜಿ ಕೊಟ್ಟು ಬಂದೆ ಮಾಮ” ಎಂದರೆ ಅವರ ಮುಂದಿನ ಮಾತು ಸದಾ ಒಂದೇ.

“ಉತ್ತರ ಬಂತಾ?”

“ಇಲ್ಲ.”

“ಹಂಗಾದ್ರ ಗಾಡಿ ಇನ್ನೂ ಸ್ಟೇಷನ್ನಾಗೇ ಐತೆ ಬಿಡವ್ವ.”

ಈ ಮಾತಿನ ಬೇರು ಅವರ ಕಸುಬಿನಲ್ಲಿತ್ತು. ಗಾಡಿ ಹೊರಡುವ ಮೊದಲು ಗಾರ್ಡ್ ಸೀಟಿ ಊದಿ ಹಸಿರು ಬಾವುಟ ಎತ್ತಬೇಕು. ಮುಂದೆ ಇಂಜಿನ್ನಿನಲ್ಲಿರುವ ಡ್ರೈವರ್ ಹಾರ್ನ್ ಹಾಕಿ ‘ಕಂಡೆ’ ಎಂದು ಮರುನುಡಿಯಬೇಕು. ಸೀಟಿ ಕಿವಿಗೆ, ಬಾವುಟ ಕಣ್ಣಿಗೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಅಪ್ಪಣೆಯೇ ಅಲ್ಲ. ಮರುನುಡಿ ಕೇಳದೆ ಚಕ್ರ ಉರುಳುವಂತಿಲ್ಲ. ಯಾರು ಕೇಳಿದರು, ಯಾರು ಹೊಣೆ ಹೊತ್ತರು ಎಂಬುದು ಗಾಡಿ ಹೊರಡುವ ಮೊದಲೇ ಇತ್ಯರ್ಥವಾಗುವ ಇಂತಹ ಏರ್ಪಾಡು ನಮ್ಮ ಯಾವ ಕಚೇರಿಯಲ್ಲಿದೆ ಎಂದು ನಾನು ಇಂದಿಗೂ ಹುಡುಕುತ್ತಿದ್ದೇನೆ.

ಮಾಮನ ಸೀಟಿಗೆ ಬಹುಕಾಲ ಮರುನುಡಿದವರು ಹರಿಹರದ ಒಬ್ಬ ಡ್ರೈವರ್. ಮಾಮ ಅವರನ್ನು ‘ಸಾಹೇಬ್ರು’ ಎನ್ನುತ್ತಿದ್ದರು. ಇಬ್ಬರ ನಡುವೆ ಸದಾ ಒಂದು ಇಡೀ ಗಾಡಿಯ ಅಂತರ. ಎದುರು ಕೂತು ಆಡಿದ ಮಾತಿಗಿಂತ ಸೀಟಿ-ಹಾರ್ನಿನಲ್ಲಿ ಆಡಿದ ಮಾತೇ ಹೆಚ್ಚು. “ಆ ಹಾರ್ನ್ ಕೇಳಿದ್ರ ಸಾಕು, ಮನ್ಯಾಗ ಉಂಡು ಬಂದಾರೋ ಜಗಳ ಆಡಿ ಬಂದಾರೋ ಹೇಳಿಬಿಡ್ತಿದ್ದೆ” ಎಂದು ಮಾಮ ನಗುತ್ತಿದ್ದರು.

ಆ ಸಾಹೇಬರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಅರಿವು ಮಾತ್ರ ಮೊದಲಿನಂತೆಯೇ ಉಳಿಯಿತು. ಮಾಮನೊಂದಿಗೆ ನೋಡಲು ಹೋದಾಗ ಅವರ ಹೆಂಡತಿ, ನಾನು ಚಾಚಿ ಎಂದು ಕರೆಯುವವರು, ಚಹಾ ಕೊಡುತ್ತ ಹೇಳಿದರು: “ಎಲ್ಲಾರೂ ಬರ್ತಾರ್ರಿ, ಮಾತಾಡ್ತಾರ, ಹೋಗ್ತಾರ. ಇವರ ಉತ್ತರಕ್ಕ ಯಾರೂ ನಿಂದ್ರಂಗಿಲ್ಲ.”

ಮರಳುವ ದಾರಿಯುದ್ದಕ್ಕೂ ಮಾಮನ ನಾಲಿಗೆ ತುಟಿಯ ತಗ್ಗಿನಲ್ಲೇ ಇತ್ತು.

ಅವರ ಕಪಾಟಿನಲ್ಲಿ ಹವ್ಯಾಸಿಯೊಬ್ಬರಿಂದ ಕೊಂಡ ಅಂಗೈಯಗಲದ ಡೀಸೆಲ್ ಇಂಜಿನ್ನೊಂದಿತ್ತು. ಆಟಿಕೆ ಎಂದರೆ ಮುನಿಯುತ್ತಿದ್ದರು; ಮಾದರಿ ಎನ್ನಬೇಕು. ಅದರ ಹೊಟ್ಟೆಯಲ್ಲಿ ಒಂದು ಎಲೆಕ್ಟ್ರಾನಿಕ್ ಚಿಪ್ಪು, ಉಗುರಿನಷ್ಟು ಸ್ಪೀಕರ್. ನಿಜವಾದ ಇಂಜಿನ್ನಿನ ಗುಡುಗು, ಹಾರ್ನು ಎಲ್ಲ ಅದರೊಳಗೇ. ಓಡಿಸುವ ಕಂಟ್ರೋಲರ್ ಮಾತ್ರ ಇರಲಿಲ್ಲ. ಅದೊಂದನ್ನು ಸಾಹೇಬರ ಎಡಗೈಗೆ ಕೊಟ್ಟರೆ ಅವರು ಮತ್ತೆ ಉತ್ತರ ಕೊಡಬಲ್ಲರು ಎಂಬುದು ಮಾಮನ ಹವಣಿಕೆ.

ಆರಿಸುವಾಗ ಅವರು ರೈಲ್ವೆಯವರಷ್ಟೇ ಮಾಡಬಹುದಾದ ತಪ್ಪು ಮಾಡಿದರು. ಪೇಟೆಯ ಅಂಗಡಿಯಲ್ಲಿ ಲೋಹದ ಹಿಡಿಕೆಯಿದ್ದ ಒಂದು ಭಾರದ ಕಂಟ್ರೋಲರ್ ಕಂಡಿತು. ಅದನ್ನು ಸರಿಸಿದರೆ ಇಂಜಿನ್ನಿನ ಹಿಡಿಕೆಯಂತೆಯೇ ಒಂದೊಂದು ಹಲ್ಲಿಗೂ ಟಕ್ಕೆಂದು ಕೂರುತ್ತಿತ್ತು. ಸಾಹೇಬರ ಕೈ ಇದನ್ನು ಗುರುತಿಸುತ್ತದೆ ಎಂದು ಬೇರೇನೂ ವಿಚಾರಿಸದೆ ತಂದರು. ಡಬ್ಬಿಯ ಮೇಲೆ ಎಲ್ಲ ಇಂಜಿನ್ನುಗಳಿಗೂ ಹೊಂದುತ್ತದೆ ಎಂದೇ ಅಚ್ಚಾಗಿತ್ತು.

ಹರಿಹರದಲ್ಲಿ ಮೇಜಿನ ಮೇಲೆ ಹಳಿ ಜೋಡಿಸಿದೆವು. ಕೈ ಹಿಡಿಕೆಯನ್ನು ಗುರುತಿಸಿತು, ನಿಜ. ಮಾಮ ಹೊಸ್ತಿಲಲ್ಲಿ ನಿಂತು ಸೀಟಿ ಊದಿ ಬಾವುಟ ಎತ್ತಿದರು. ಸಾಹೇಬರು ಹಿಡಿಕೆಯನ್ನು ಒಂದು ಹಲ್ಲು ಸರಿಸಿದರು; ಇಂಜಿನ್ ಮೂಕವಾಗಿತ್ತು. ಇನ್ನೂ ಸರಿಸಿದರು. ಅರ್ಧ ದಾಟುತ್ತಲೇ ಅದು ಒಮ್ಮೆಲೆ ಗುಡುಗಿ, ಹಾರ್ನನ್ನೂ ಹಾಕದೆ ಓಡಿ, ಹಳಿಯ ಕೊನೆಯಲ್ಲಿ ಮಗುಚಿಕೊಂಡಿತು. ಉತ್ತರ ಕೊಡದೆ ಎಂದೂ ಗಾಡಿ ಹೊರಡಿಸದಿದ್ದ ಮನುಷ್ಯ ಹಿಡಿಕೆಯನ್ನು ದೂರ ತಳ್ಳಿ ಗೋಡೆಯತ್ತ ಮುಖ ತಿರುಗಿಸಿದರು.

ಮರುದಿನ ನಾನು ಆ ಡಬ್ಬಿಯೊಂದಿಗೆ ಅಂಗಡಿಗೆ ನುಗ್ಗಿದೆ. ಮಾಮ ಹಿಂದೆ ಬಂದರು. ಈ ಬರಹಕ್ಕೆ ಯಾರು ಹೊಣೆ ಎಂದು ಕೇಳಿದೆ.

“ಓಡ್ತೈತೋ ಇಲ್ಲೋ, ಅಷ್ಟು ಹೇಳ್ರಿ ಮೇಡಂ” ಎಂದರು ಅಂಗಡಿಯವರು.

“ಓಡುತ್ತದೆ, ಆದರೆ…”

“ಮತ್ತ್ಯಾಕ ಸಿಟ್ಟು? ಓಡೋ ರೈಲು ತಂದು ಜಗಳ ಮಾಡೋರ್ನ ಇವತ್ತೇ ನೋಡಿದ್ದು.”

ಮಾಮ ನನ್ನ ತೋಳು ಮುಟ್ಟಿದರು. “ತಡಿ ಲಾಯರವ್ವ. ಓಡ್ತೈತಾ ಅನ್ನೋ ಪ್ರಶ್ನೆ ಇಟ್ಕೊಂಡ್ರ ಅವನೇ ಗೆಲ್ತಾನ.” ಬಳಿಕ ಅಂಗಡಿಯವರತ್ತ ತಿರುಗಿ, “ನಿಂತಾಗ ಕೂಗ್ತೈತಾ? ಅದನ್ನ ಹೇಳಪ್ಪ” ಎಂದರು.

ಅಂಗಡಿಯವರು ಕನ್ನಡಕ ತೆಗೆದಿಟ್ಟರು. “ಗೊತ್ತಿಲ್ರಿ ಯಜಮಾನ್ರೆ. ಒಳಗ ಬರ್ರಿ, ಕೂಡ್ರಿ, ನೋಡೇಬಿಡೋಣ.”

ಇಂಜಿನ್ನಿನ ಚಿಪ್ಪಿನೊಂದಿಗೆ ಬಂದಿದ್ದ ಹಾಳೆಯನ್ನು ಮಾಮ ಜೇಬಿನಿಂದ ತೆಗೆದರು; ಮೂವರೂ ತಲೆಗೆ ತಲೆ ತಾಗಿಸಿ ಓದಿದೆವು. ನಾವು ಕೊಂಡಿದ್ದಂಥ ಹಳೆಯ ಬಗೆಯ ಕಂಟ್ರೋಲರಿನಲ್ಲಿ ಹಳಿಯ ವಿದ್ಯುತ್ತೇ ಅನ್ನ, ಅದೇ ಆಜ್ಞೆ. ನಿಲ್ಲಿಸಬೇಕೆಂದರೆ ಅನ್ನವನ್ನೇ ಕಸಿಯಬೇಕು. ಉಪವಾಸ ಬಿದ್ದ ಇಂಜಿನ್ ಕೂಗುವುದೆಂತು? ಡಿಜಿಟಲ್ ಬಗೆಯಲ್ಲಿ ಹಳಿಗೆ ಸದಾ ಪೂರ್ಣ ವಿದ್ಯುತ್ತು. ಆಜ್ಞೆ ಅದರೊಳಗೇ ಸಂಕೇತವಾಗಿ ಬೇರೆ ಹರಿಯುತ್ತದೆ. ಇಂಜಿನ್ನಿಗೊಂದು ಸಂಖ್ಯೆ, ಆ ಸಂಖ್ಯೆಯಿಂದ ಕರೆದರೆ ನಿಂತಲ್ಲೇ ಗುರುಗುಡುತ್ತದೆ, ಹಾರ್ನ್ ಹಾಕುತ್ತದೆ. ಆದರೆ ಎಲ್ಲ ಡಿಜಿಟಲ್ಲುಗಳ ಭಾಷೆಯೂ ಒಂದಲ್ಲ. ಚಿಪ್ಪು ಅರಿತ ಭಾಷೆಯನ್ನೇ ಕಂಟ್ರೋಲರ್ ಆಡಬೇಕು. “ಇಲ್ಲಾಂದ್ರ ನಮ್ಮ ಸಾಹೇಬ್ರಿಗೆ ತಮಿಳಿನಾಗ ಸಿಗ್ನಲ್ ಕೊಟ್ಟಂಗೆ” ಎಂದರು ಮಾಮ. ಓಡುವುದಷ್ಟೇ ಹೊಂದಾಣಿಕೆಯಲ್ಲ ಎಂದು ಆ ಬೆಂಚಿನ ಮೇಲೆ ನನಗೆ ಹೊಳೆಯಿತು.

ಅಂಗಡಿಯವರು ಹಿಡಿಕೆಯ ಕಂಟ್ರೋಲರನ್ನು ಒಳಗೆ ತೆಗೆದಿಟ್ಟುಕೊಂಡರು. “ಡಬ್ಬಿ ಮ್ಯಾಲೆ ಸುಳ್ಳು ಬರ್ದವ ನಾನಲ್ಲ. ಮಾರಿದವ ನಾನೇ.” ನನ್ನ ಸಿಟ್ಟಿಗೆ ಊರಿನಲ್ಲಿ ದೊರೆತ ಮೊದಲ ನೇರವಾದ ಉತ್ತರ ಅದು.

ಅವರು ಮೊದಲು ತೋರಿಸಿದ ಡಿಜಿಟಲ್ ಕಂಟ್ರೋಲರ್ ಮೊಬೈಲ್ ಪರದೆಯಲ್ಲಿ ನಡೆಯುವಂಥದು. ಮಾಮ ಕಣ್ಣು ಮುಚ್ಚಿ ಎಡ ಹೆಬ್ಬೆರಳನ್ನು ಅದರ ಮೇಲೆ ಆಡಿಸಿದರು. ಗಂಟೆ, ಬ್ರೇಕು, ಪ್ರಯಾಣಿಕರ ಗದ್ದಲ ಎಲ್ಲ ಒಟ್ಟಿಗೆ ಮೊಳಗಿದವು. “ಗಾಜು ಬ್ಯಾಡ. ನಡುಗೋ ಕೈಗೆ ತಡಕಿದ್ರ ಸಿಗೋ ಗುಂಡಿ ಬೇಕು.” ಕೊನೆಗೆ ಆರಿಸಿದ್ದು ಉಬ್ಬು ಗುಂಡಿಗಳ, ಒಂದೇ ಕೈಯಲ್ಲಿ ಹಿಡಿಯಬಹುದಾದ ಒಂದು ಡಿಜಿಟಲ್ ಕಂಟ್ರೋಲರನ್ನು. ಮನೆಗೆ ಬಂದು, ಚೌಕಾಬಾರಕ್ಕೆಂದು ತೇಯ್ದಿಟ್ಟಿದ್ದ ಹುಣಸೆಬೀಜದ ಹೋಳೊಂದನ್ನು ಹಾರ್ನಿನ ಗುಂಡಿಗೆ ಅಂಟಿಸಿದರು.

ಎರಡನೆಯ ಸಲ ಸಾಹೇಬರು ಗೋಡೆಯಿಂದ ನಮ್ಮತ್ತ ಮುಖ ತಿರುಗಿಸಲು ಒಪ್ಪಲೇ ಇಲ್ಲ. ಮಾಮ ಬಲವಂತ ಮಾಡಲಿಲ್ಲ. ಇಂಜಿನ್ನಿಗೆ ಜೀವ ಕೊಟ್ಟು ಸುಮ್ಮನೆ ಕೂತರು. ಅದು ಹಳಿಯ ಮೇಲೆ ನಿಂತು ತನ್ನಷ್ಟಕ್ಕೆ ಗುರುಗುಡುತ್ತಿತ್ತು. ಚಹಾ ಆರುವ ಹೊತ್ತಿಗೆ ಸಾಹೇಬರ ತಲೆ ಮೆಲ್ಲಗೆ ಇತ್ತ ಹೊರಳಿತು: ನಿಂತ ಗಾಡಿ ಸದ್ದು ಮಾಡುತ್ತಿದೆ. ಮಾಮ ಹೊಸ್ತಿಲಿಗೆ ಹೋಗಿ ಸೀಟಿ ಊದಿದರು, ಬಾವುಟ ಎತ್ತಿದರು, ಎತ್ತಿದ ಕೈಯನ್ನು ಹಾಗೆಯೇ ಹಿಡಿದು ನಿಂತರು. ಹೆಬ್ಬೆರಳು ತಡಕಿತು, ಜಾರಿತು, ಬೀಜವನ್ನು ಕಂಡುಕೊಂಡಿತು. ಕೋಣೆಯ ತುಂಬ ಹಾರ್ನ್ ಮೊಳಗಿತು. ಗಾಡಿ ಕದಲಲಿಲ್ಲ. ಬಳಿಕ ಅದೇ ಹೆಬ್ಬೆರಳು ವೇಗದ ಗುಂಡಿಗೆ ಬಂದಾಗಲಷ್ಟೇ ಚಕ್ರ ಉರುಳಿತು.

“ಉಂಡು ಬಂದಾರ” ಎಂದರು ಮಾಮ, ಬಾವುಟ ಇಳಿಸುತ್ತ.

ಅಂದಿನಿಂದ ಬಾವುಟ ಹರಿಹರದ ಆ ಬಾಗಿಲ ಹಿಂದಿನ ಮೊಳೆಯಲ್ಲೇ ಉಳಿಯಿತು, ಮಾಮನ ವಾರದ ಭೇಟಿ ತಪ್ಪಲಿಲ್ಲ. “ಇಬ್ರೂ ಸೇರಿ ಮನೀನ ಸ್ಟೇಷನ್ ಮಾಡಿದ್ರಿ, ನಾನು ಚಹಾ ಮಾರೋದೊಂದು ಬಾಕಿ” ಎಂದು ಚಾಚಿ ಬೈದುಕೊಂಡು ನಗುವರು. ನನ್ನ ರೀತಿಯೂ ಬದಲಾಯಿತು. ಈಗ ನಾನು ಅರ್ಜಿ ಕೊಟ್ಟು ಹೊರಟುಬರುವುದಿಲ್ಲ. ಮೇಜಿನ ಮುಂದೆ ನಿಂತಿರುತ್ತೇನೆ. ಬೀದಿದೀಪ ಉರಿಯುತ್ತಿದೆ.

ಕಳೆದ ಬೇಸಿಗೆಯಲ್ಲಿ ಮಾಮ ತೀರಿಕೊಂಡರು. ಅವರ ಮಗಳು ಸೀಟಿಯನ್ನು ನನ್ನ ಕೈಗಿಟ್ಟಳು. ನಾನು ಅದನ್ನು ಹಿಡಿದು ಹರಿಹರಕ್ಕೆ ಹೋದೆ. “ಹೇಳೇವಿ, ಗೊತ್ತೈತೆ ಅವರಿಗೆ” ಎಂದು ಚಾಚಿ ಬಾಗಿಲಲ್ಲೇ ಅಂದರು. ಇಂಜಿನ್ ಹಳಿಯ ಮೇಲೆ ಗುರುಗುಡುತ್ತಿತ್ತು. ನಾನು ಹೊಸ್ತಿಲಲ್ಲಿ ನಿಂತು ಊದಿದೆ. ಗಾಳಿಯೇ ಹೆಚ್ಚಾದ ಒಂದು ಬಡ ಸದ್ದು ಹೊರಟಿತು. ಸಾಹೇಬರ ಹೆಬ್ಬೆರಳು ಬೀಜದ ಮೇಲಿತ್ತು, ಒತ್ತಲಿಲ್ಲ. ಕಾದೆ. ಅವರು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಖಾಲಿ ಬಲಗೈಯನ್ನು ನೋಡುತ್ತಿದ್ದರು.

ಚಾಚಿ ಬಾಗಿಲ ಹಿಂದಿನಿಂದ ಬಾವುಟ ತಂದು ಕೈಗೆ ಕೊಟ್ಟರು. ನಾನು ಮತ್ತೆ ಊದಿ, ಎತ್ತಿ ಹಿಡಿದೆ.

ಹಾರ್ನ್ ಬಂತು, ಉದ್ದವಾಗಿ.